ವಿಶ್ವದ ಮೊದಲ ಕ್ಷಣಕ್ಕೆ ಕ್ವಾಂಟಮ್ ಲೆಕ್ಕ ಯಾಕೆ ಬೇಕು?

ನೂರು ವರ್ಷಗಳ ಹಿಂದೆ ಭೌತವಿಜ್ಞಾನಕ್ಕೆ ಒಂದು ದೊಡ್ಡ ತಲೆನೋವಿತ್ತು. ಲೆಕ್ಕದ ಪ್ರಕಾರ ಪರಮಾಣು ಇರಲೇಬಾರದಿತ್ತು. 1911ರಲ್ಲಿ ರುದರ್‌ಫೋರ್ಡ್ ಪರಮಾಣುವಿನ ನಡುವೆ ಪುಟ್ಟದೊಂದು ನ್ಯೂಕ್ಲಿಯಸ್ ಇದೆ ಎಂದು ತೋರಿಸಿದ್ದರು. ಅದರ ಸುತ್ತ ಎಲೆಕ್ಟ್ರಾನ್ ಸುತ್ತುತ್ತದೆ ಎಂದುಕೊಳ್ಳೋಣ. ಹಾಗೆ ಸುತ್ತುವ ವಿದ್ಯುತ್ ಕಣ ಬೆಳಕು ಸೂಸಬೇಕು. ಸೂಸಿದಷ್ಟೂ ಅದರ ಶಕ್ತಿ ಕಡಿಮೆಯಾಗಬೇಕು. ಸುತ್ತು ಕಿರಿದಾಗುತ್ತಾ ಹೋಗಿ ಕೊನೆಗೆ ಅದು ನ್ಯೂಕ್ಲಿಯಸ್ಸಿನೊಳಕ್ಕೆ ಬಿದ್ದುಬಿಡಬೇಕು. ಹೈಡ್ರೋಜನ್ ಪರಮಾಣುವಿಗೆ ಈ ಲೆಕ್ಕ ಹಾಕಿದರೆ ಸಿಗುವ ಆಯುಷ್ಯ ಒಂದು ಸೆಕೆಂಡಿನ ಹತ್ತು ಸಾವಿರ ಕೋಟಿ ಪಾಲಿನಲ್ಲಿ ಒಂದೆರಡು ಪಾಲು ಅಷ್ಟೇ.

ಆದರೆ ಪರಮಾಣುಗಳು ಕೋಟ್ಯಂತರ ವರ್ಷಗಳಿಂದ ಹಾಗೇ ಇವೆ. ಅಂದರೆ ತಪ್ಪಿದ್ದು ಪ್ರಕೃತಿಯಲ್ಲಲ್ಲ, ಲೆಕ್ಕದಲ್ಲಿ. ಆ ತಪ್ಪನ್ನು ಸರಿಪಡಿಸಲು ಹೊರಟಾಗ ಬೆಳೆದು ನಿಂತದ್ದೇ ಕ್ವಾಂಟಮ್ ಸಿದ್ಧಾಂತ. ಎಲೆಕ್ಟ್ರಾನನ್ನು ಒಂದು ಚುಕ್ಕೆಯೊಳಗೆ ತುರುಕಲು ಅದು ಬಿಡುವುದಿಲ್ಲ. ಜಾಗ ಕಿರಿದಾದಷ್ಟೂ ಎಲೆಕ್ಟ್ರಾನಿನ ವೇಗದ ಚಡಪಡಿಕೆ ಜಾಸ್ತಿಯಾಗುತ್ತದೆ. 1927ರಲ್ಲಿ ಹೈಸೆನ್‌ಬರ್ಗ್ ಹೇಳಿದ ಅನಿಶ್ಚಿತತೆಯ ನಿಯಮ ಇದೇ. ಈ ಚಡಪಡಿಕೆಯೇ ಪರಮಾಣು ಕುಸಿಯದಂತೆ ತಡೆಯುತ್ತದೆ.

ವಿಶ್ವದ ಹುಟ್ಟಿನ ಬಗ್ಗೆ ಬರೆಯಲು ಹೊರಟು ಪರಮಾಣುವಿನಿಂದ ಶುರು ಮಾಡಿದ್ದಕ್ಕೆ ಕಾರಣವಿದೆ. ವಿಶ್ವದ ಆರಂಭಕ್ಕೆ ಹೋದಾಗಲೂ ನಮಗೆ ಎದುರಾಗುವುದು ಹೆಚ್ಚುಕಡಿಮೆ ಇದೇ ತೊಂದರೆ.

ವಿಶ್ವ ಹಿಗ್ಗುತ್ತಿದೆ. ಗ್ಯಾಲಕ್ಸಿಗಳು ಒಂದರಿಂದೊಂದು ದೂರ ಸರಿಯುತ್ತಿವೆ. ಹಾಗಾದರೆ ಹಿಂದಕ್ಕೆ ಹೋದಷ್ಟೂ ಎಲ್ಲವೂ ಹತ್ತಿರ ಹತ್ತಿರ ಇದ್ದಿರಬೇಕು, ಬಿಸಿ ಜಾಸ್ತಿ ಇದ್ದಿರಬೇಕು. ಐನ್‌ಸ್ಟೈನರ 1915ರ ಗುರುತ್ವ ಸಿದ್ಧಾಂತವನ್ನು ಹಿಡಿದು ಹಿಂದಕ್ಕೆ ಲೆಕ್ಕ ಹಾಕುತ್ತಾ ಹೋದರೆ ಸುಮಾರು 1380 ಕೋಟಿ ವರ್ಷಗಳ ಆಚೆ ಒಂದು ಗೋಡೆಗೆ ಹೋಗಿ ಬಡಿಯುತ್ತೇವೆ. ಅಲ್ಲಿ ಸಾಂದ್ರತೆ ಅನಂತ, ಗಾತ್ರ ಸೊನ್ನೆ. ಇದಕ್ಕೆ ಸಿಂಗ್ಯುಲಾರಿಟಿ ಎಂದು ಹೆಸರು.

ವಿಶ್ವ ಎಲ್ಲ ಕಡೆ ಒಂದೇ ಥರ ಇದೆ ಎಂದು ಲೆಕ್ಕವನ್ನು ಸುಲಭ ಮಾಡಿಕೊಂಡದ್ದಕ್ಕೇ ಈ ಗೋಡೆ ಬಂದಿರಬಹುದು ಎಂದು ಕೆಲವರು ಅಂದುಕೊಂಡಿದ್ದರು. ನಿಜವಾದ ವಿಶ್ವ ಸ್ವಲ್ಪ ಏರುಪೇರಾಗಿರುತ್ತದೆ, ಆಗ ಎಲ್ಲವೂ ಒಂದೇ ಚುಕ್ಕೆಗೆ ಬಂದು ಸೇರದೆ ಪಕ್ಕಕ್ಕೆ ಜಾರಿಹೋಗಬಹುದು ಎಂಬುದು ಅವರ ಆಸೆ. ಆದರೆ 1955ರಲ್ಲಿ ಅಮಲ್ ಕುಮಾರ್ ರಾಯ್‌ಚೌಧುರಿ ಒಂದು ಸಮೀಕರಣ ಕೊಟ್ಟರು. ಗುರುತ್ವವು ಅಕ್ಕಪಕ್ಕದ ಹಾದಿಗಳನ್ನು ಹೇಗೆ ಒಂದೆಡೆ ತರುತ್ತದೆ ಎಂಬುದನ್ನು ಅದು ತೋರಿಸುತ್ತದೆ. ಅದರ ಮೇಲೆ ಕಟ್ಟಿದ ಪ್ರಮೇಯವನ್ನು ಹಾಕಿಂಗ್ ಮತ್ತು ಪೆನ್‌ರೋಸ್ 1970ರಲ್ಲಿ ಮುಂದಿಟ್ಟರು. ಐನ್‌ಸ್ಟೈನರ ಸಿದ್ಧಾಂತವೊಂದನ್ನೇ ನಂಬಿ, ವಸ್ತುವಿನ ಗುರುತ್ವ ಸದಾ ಸೆಳೆಯುತ್ತದೆ ಎಂದು ಒಪ್ಪಿಕೊಂಡರೆ, ಏರುಪೇರಿದ್ದರೂ ಈ ಗೋಡೆ ತಪ್ಪುವುದಿಲ್ಲ.

ಸಿಂಗ್ಯುಲಾರಿಟಿ ಅಂದರೆ ಎಲ್ಲೋ ಇದ್ದ ಒಂದು ಚಿಕ್ಕ ಉಂಡೆ ಎಂದು ತುಂಬಾ ಜನ ತಿಳಿದಿದ್ದಾರೆ. ನನಗೆ ಈ ಚಿತ್ರ ತಪ್ಪು ದಾರಿಗೆ ಎಳೆಯುತ್ತದೆ ಅನಿಸುತ್ತದೆ. ಅದು ಒಂದು ವಸ್ತುವೇ ಅಲ್ಲ. ‘ಇಲ್ಲಿಂದ ಮುಂದೆ ನನ್ನ ಕೈಲಾಗದು’ ಎಂದು ಸಿದ್ಧಾಂತ ಕೈಚೆಲ್ಲುವ ಜಾಗ ಅದು. ಎಲೆಕ್ಟ್ರಾನ್ ನ್ಯೂಕ್ಲಿಯಸ್ಸಿಗೆ ಬೀಳುತ್ತದೆ ಎಂದು ಹಳೆಯ ಲೆಕ್ಕ ಹೇಳಿತ್ತಲ್ಲ, ಹಾಗೇ.

ಕೈಚೆಲ್ಲುವುದು ಸುಮಾರು ಎಲ್ಲಿ ಎಂಬುದನ್ನು ಅಂದಾಜು ಮಾಡಬಹುದು. ಗುರುತ್ವದ ಬಲ, ಬೆಳಕಿನ ವೇಗ, ಕ್ವಾಂಟಮ್ ಸಿದ್ಧಾಂತದ ಪ್ಲಾಂಕ್ ಸ್ಥಿರಾಂಕ ಇವು ಮೂರನ್ನೂ ಸೇರಿಸಿದರೆ ಒಂದು ಉದ್ದ, ಒಂದು ಸಮಯ ಹೊರಬೀಳುತ್ತವೆ. ಉದ್ದ ಎಷ್ಟು ಸಣ್ಣದೆಂದರೆ, ಒಂದು ಪ್ರೋಟಾನನ್ನು 10 ಲಕ್ಷ ಕೋಟಿ ಕೋಟಿ ಪಾಲು ಮಾಡಿದರೆ ಸಿಗುವ ಒಂದು ಪಾಲಿನಷ್ಟು. ಸಮಯವನ್ನು ಸೆಕೆಂಡಿನಲ್ಲಿ ಬರೆಯಬೇಕೆಂದರೆ ದಶಮಾಂಶ ಚುಕ್ಕೆಯ ನಂತರ 43 ಸೊನ್ನೆ ಹಾಕಿ ಆಮೇಲೆ 5 ಬರೆಯಬೇಕು. ಇದಕ್ಕಿಂತ ಕಿರಿದಾದ ಅಳತೆಗಳಲ್ಲಿ ಜಾಗ ಮತ್ತು ಕಾಲಗಳೇ ಕ್ವಾಂಟಮ್ ಚಡಪಡಿಕೆಗೆ ಸಿಕ್ಕಿಬಿಡುತ್ತವೆ. ‘ಇಲ್ಲಿ’, ‘ಆಗ’ ಎಂಬ ಮಾತುಗಳಿಗೆ ಅಲ್ಲಿ ಖಚಿತ ಅರ್ಥ ಉಳಿಯುವುದಿಲ್ಲ.

ಇದನ್ನು ಎಷ್ಟು ಮೊದಲೇ ಒಬ್ಬರು ಗುರುತಿಸಿದ್ದರು ಎಂದು ನೋಡಿದರೆ ಆಶ್ಚರ್ಯವಾಗುತ್ತದೆ. ಬೆಲ್ಜಿಯಂನ ಜಾರ್ಜ್ ಲೆಮೈತ್ರ್ ಪಾದ್ರಿಯೂ ಹೌದು, ಭೌತವಿಜ್ಞಾನಿಯೂ ಹೌದು. ವಿಶ್ವ ಹಿಗ್ಗುತ್ತಿರಬೇಕು ಎಂದು 1927ರಲ್ಲೇ ಬರೆದವರು. 1931ರ ಮೇ ತಿಂಗಳಲ್ಲಿ ‘ನೇಚರ್’ ಪತ್ರಿಕೆಗೆ ಅವರೊಂದು ಪುಟ್ಟ ಪತ್ರ ಬರೆದರು. ಜಗತ್ತಿನ ಆರಂಭವನ್ನು ಕ್ವಾಂಟಮ್ ಸಿದ್ಧಾಂತದ ಕಡೆಯಿಂದ ನೋಡುವುದೇ ಅದರ ವಿಷಯ. ಪ್ರಕೃತಿಗೆ ಆರಂಭವಿದೆ ಎಂಬ ಕಲ್ಪನೆಯೇ ತನಗೆ ಒಗ್ಗುವುದಿಲ್ಲ ಎಂದು ಖಗೋಳವಿಜ್ಞಾನಿ ಎಡಿಂಗ್ಟನ್ ಅದೇ ವರ್ಷ ಹೇಳಿದ್ದರು. ಅದಕ್ಕೆ ಲೆಮೈತ್ರ್ ಕೊಟ್ಟ ಉತ್ತರ ಅದು. ಹಿಂದಕ್ಕೆ ಹೋದಂತೆ ವಿಶ್ವದ ಶಕ್ತಿಯೆಲ್ಲ ಕಡಿಮೆ ಕಡಿಮೆ ಕ್ವಾಂಟಮ್‌ಗಳಲ್ಲಿ, ಅಂದರೆ ಶಕ್ತಿಯ ಬಿಡಿ ತುಣುಕುಗಳಲ್ಲಿ, ಸೇರಿಕೊಳ್ಳುತ್ತಾ ಬರುತ್ತದೆ. ಕೊನೆಗೆ ಒಂದೇ ಒಂದು ಉಳಿದರೆ, ಜಾಗ ಎಂದರೇನು, ಕಾಲ ಎಂದರೇನು? ಒಂದು ಹಲವಾಗಿ ಒಡೆದ ಮೇಲಷ್ಟೇ ಆ ಪದಗಳಿಗೆ ಅರ್ಥ ಬರಲು ಶುರುವಾಗುತ್ತದೆ ಎಂದು ಅವರು ವಾದಿಸಿದರು. ಅವರು ಹೇಳಿದ ‘ಆದಿ ಪರಮಾಣು’ ಮುಂದೆ ಉಳಿಯಲಿಲ್ಲ. ಆದರೆ ಕಾಲ ಎಂಬುದೇ ಆರಂಭದಲ್ಲಿ ಇಲ್ಲದೆ ಇದ್ದು, ಆಮೇಲೆ ಮೂಡಿರಬಹುದು ಎಂಬ ಆ ಮಾತು ಮಾತ್ರ ಇವತ್ತಿಗೂ ಚರ್ಚೆಯಲ್ಲಿದೆ.

ಇಲ್ಲಿಂದ ಮುಂದೆ ಕತೆ ಎರಡು ದಾರಿ ಹಿಡಿಯುತ್ತದೆ. ಇವೆರಡನ್ನೂ ಬೆರೆಸಿ ಹೇಳುವುದೇ ಗೊಂದಲಕ್ಕೆ ಮುಖ್ಯ ಕಾರಣ ಎಂಬುದು ನನ್ನ ಅಭಿಪ್ರಾಯ. ವಿಶ್ವ ಇರುವುದಕ್ಕೇ ಕ್ವಾಂಟಮ್ ಘಟನೆ ಕಾರಣವೇ ಎಂಬುದು ಒಂದು ಪ್ರಶ್ನೆ. ವಿಶ್ವದಲ್ಲಿ ಗ್ಯಾಲಕ್ಸಿ, ನಕ್ಷತ್ರಗಳು ಇರುವುದಕ್ಕೆ ಕ್ವಾಂಟಮ್ ಘಟನೆಗಳು ಕಾರಣವೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಇರುವುದು ಸುಂದರವಾದ ಊಹೆಗಳು. ಎರಡನೆಯದಕ್ಕೆ ಆಕಾಶದಲ್ಲೇ ಸಾಕ್ಷಿ ಇದೆ.

ಮೊದಲು ಊಹೆಗಳನ್ನು ನೋಡೋಣ.

ಕ್ವಾಂಟಮ್ ಸಿದ್ಧಾಂತದಲ್ಲಿ ಬರಿದಾದ ಜಾಗ ನಿಜವಾಗಿ ಬರಿದಲ್ಲ. ಎಲ್ಲ ಕಣಗಳನ್ನೂ ತೆಗೆದು, ಬೆಳಕನ್ನೂ ತೆಗೆದ ಮೇಲೆ ಉಳಿಯುವ ನಿರ್ವಾತದಲ್ಲೂ, ಜಾಗದ ತುಂಬ ಹರಡಿರುವ ವಿದ್ಯುತ್, ಕಾಂತ ಮುಂತಾದ ಕ್ಷೇತ್ರಗಳು ತೆಪ್ಪಗೆ ಸೊನ್ನೆಯಲ್ಲಿ ಕೂರುವುದಿಲ್ಲ. ಎಲೆಕ್ಟ್ರಾನನ್ನು ಒಂದು ಚುಕ್ಕೆಯಲ್ಲಿ ಕೂರಿಸಲು ಬಿಡದ ನಿಯಮವೇ ಇಲ್ಲೂ ಕೆಲಸ ಮಾಡುತ್ತದೆ. ಇದು ಸುಮ್ನೆ ಹೇಳುವ ಮಾತಲ್ಲ. ನಿರ್ವಾತದಲ್ಲಿ ಎರಡು ಲೋಹದ ತಟ್ಟೆಗಳನ್ನು ತೀರಾ ಹತ್ತಿರ ಹಿಡಿದರೆ ಅವು ಒಂದನ್ನೊಂದು ಸೆಳೆಯಬೇಕು ಎಂದು ಕ್ಯಾಸಿಮಿರ್ 1948ರಲ್ಲಿ ಲೆಕ್ಕ ಹಾಕಿದ್ದರು. 1997ರಲ್ಲಿ ಆ ಸೆಳೆತವನ್ನು ಚೆನ್ನಾಗಿ ಅಳೆದದ್ದೂ ಆಯಿತು.

ಹಾಗಾದರೆ ವಿಶ್ವವೇ ಇಂಥದ್ದೊಂದು ಏರಿಳಿತವಾಗಿರಬಹುದಾ? 1973ರಲ್ಲಿ ಎಡ್ವರ್ಡ್ ಟ್ರಯಾನ್ ಇದನ್ನೇ ಕೇಳಿದರು. ಏರಿಳಿತಕ್ಕೆ ಒಂದು ಕಟ್ಟುಪಾಡಿದೆ. ಅದರ ಶಕ್ತಿ ದೊಡ್ಡದಾದಷ್ಟೂ ಆಯುಷ್ಯ ಕಡಿಮೆ. ಇಡೀ ವಿಶ್ವದ ಶಕ್ತಿಯೆಂದರೆ ಊಹೆಗೂ ಮೀರಿದ್ದು. ಅಂಥದ್ದು ಕಣ್ಣೆವೆ ಮಿಟುಕಿಸುವಷ್ಟು ಹೊತ್ತೂ ಇರಬಾರದು, ಅಲ್ವಾ?

ಟ್ರಯಾನ್ ಉತ್ತರ ಗುರುತ್ವದಲ್ಲಿದೆ. ತುಂಬಾ ದೂರದಲ್ಲಿ ಸುಮ್ಮನೆ ನಿಂತ ಎರಡು ಬಂಡೆಗಳನ್ನು ನೆನೆಸಿಕೊಳ್ಳಿ. ಅವುಗಳ ನಡುವಿನ ಸೆಳೆತದ ಶಕ್ತಿಯನ್ನು ಸೊನ್ನೆ ಎಂದು ಲೆಕ್ಕ ಇಡೋಣ. ಅವು ನಿಧಾನಕ್ಕೆ ಒಂದನ್ನೊಂದು ಸೆಳೆದು, ಜೋರಾಗಿ ಬಂದು ಗುದ್ದಿಕೊಂಡು, ಬಿಸಿಯಾಗಿ, ಆ ಬಿಸಿ ಬೆಳಕಾಗಿ ಹೊರಟುಹೋಗುತ್ತದೆ. ಶುರುವಿನಲ್ಲಿ ಇದ್ದದ್ದು ಸೊನ್ನೆ. ಅದರಿಂದ ಒಂದಿಷ್ಟು ಶಕ್ತಿ ಹೊರಗೆ ಹೋಯಿತು. ಹಾಗಾದರೆ ಈಗ ಉಳಿದಿರುವುದು ಸೊನ್ನೆಗಿಂತ ಕಡಿಮೆ. ಅಂದರೆ ಗುರುತ್ವದ ಶಕ್ತಿ ಋಣ. ವಸ್ತುವಿನ ಶಕ್ತಿ ಧನ. ತನ್ನಲ್ಲೇ ಸುತ್ತಿಕೊಂಡ, ಅಂಚಿಲ್ಲದ ಮುಚ್ಚಿದ ವಿಶ್ವದಲ್ಲಿ ಇವೆರಡೂ ಸರಿಯಾಗಿ ವಜಾ ಆಗಿ ಮೊತ್ತ ಸೊನ್ನೆಯಾಗುತ್ತದೆ. ಶಕ್ತಿ ಸೊನ್ನೆಯಾದರೆ ಆಯುಷ್ಯಕ್ಕೆ ಮಿತಿಯೇ ಇಲ್ಲ.

ಚೆಂದದ ವಾದ. ಆದರೂ ಒಂದು ತೂತು ಉಳಿಯಿತು. ಏರಿಳಿತ ಆಗಬೇಕೆಂದರೆ ನಿರ್ವಾತ ಬೇಕು, ನಿರ್ವಾತಕ್ಕೆ ಜಾಗ ಬೇಕು. ಆ ಜಾಗ ಎಲ್ಲಿಂದ ಬಂತು?

ಇದನ್ನೂ ದಾಟಲು 1982ರಲ್ಲಿ ಅಲೆಕ್ಸಾಂಡರ್ ವಿಲೆಂಕಿನ್ ಕ್ವಾಂಟಮ್ ಸುರಂಗದ ಮೊರೆ ಹೋದರು. ಸುರಂಗ ಅಂದರೆ ಏನು ಎಂದು ತಿಳಿಯಲು ಯುರೇನಿಯಂ ನೋಡಿ. ಅದರ ನ್ಯೂಕ್ಲಿಯಸ್ಸಿನೊಳಗಿನ ಆಲ್ಫಾ ಕಣಕ್ಕೆ (ಎರಡು ಪ್ರೋಟಾನ್, ಎರಡು ನ್ಯೂಟ್ರಾನ್ ಸೇರಿದ ಗಂಟು) ಹೊರಗೆ ಬರಲು ಒಂದು ಶಕ್ತಿಯ ಗೋಡೆ ಅಡ್ಡ ಇದೆ. ಗೋಡೆ ಹತ್ತುವಷ್ಟು ಶಕ್ತಿ ಅದಕ್ಕಿಲ್ಲ. ಹಳೆಯ ಲೆಕ್ಕದಲ್ಲಿ ಅದು ಎಂದೆಂದಿಗೂ ಒಳಗೇ ಇರಬೇಕು. ಆದರೆ ಕ್ವಾಂಟಮ್ ಕಣ ಒಂದು ಅಲೆಯಂತೆ ಹರಡಿಕೊಂಡಿರುತ್ತದೆ, ಅಲೆಯ ತೆಳುವಾದ ಬಾಲ ಗೋಡೆಯ ಆಚೆಗೂ ಚಾಚಿರುತ್ತದೆ. ಹಾಗಾಗಿ ಅಪರೂಪಕ್ಕೊಮ್ಮೆ ಕಣ ಆಚೆ ಕಡೆ ಸಿಗುತ್ತದೆ. ಯುರೇನಿಯಂ 238ರಲ್ಲಿ ಅದೆಷ್ಟು ಅಪರೂಪವೆಂದರೆ, ಅರ್ಧದಷ್ಟು ನ್ಯೂಕ್ಲಿಯಸ್‌ಗಳು ಹೀಗೆ ಕಣ ಕಳೆದುಕೊಳ್ಳಲು ಸುಮಾರು 450 ಕೋಟಿ ವರ್ಷ ಬೇಕು. 1928ರಲ್ಲಿ ಗ್ಯಾಮೋ ಈ ವಿವರಣೆ ಕೊಟ್ಟರು. ಈಗ ಇದರಲ್ಲಿ ಯಾರಿಗೂ ಅನುಮಾನವಿಲ್ಲ.

ವಿಲೆಂಕಿನ್ ಇದೇ ಲೆಕ್ಕವನ್ನು ಕಣದ ಬದಲು ವಿಶ್ವದ ಗಾತ್ರಕ್ಕೆ ಹಚ್ಚಿದರು. ಮುಚ್ಚಿದ ವಿಶ್ವದ ಗಾತ್ರ ಸೊನ್ನೆ ಆಗಿರುವುದು ಗೋಡೆಯ ಈಚೆ ಕಡೆ. ಒಂದು ನಿರ್ದಿಷ್ಟ ಗಾತ್ರದಿಂದ ಹಿಗ್ಗುತ್ತಾ ಹೋಗುವುದು ಆಚೆ ಕಡೆ. ನಡುವಿನ ಗಾತ್ರಗಳಿಗೆ ಹಳೆಯ ಲೆಕ್ಕದಲ್ಲಿ ಅವಕಾಶವಿಲ್ಲ. ಆದರೆ ಸುರಂಗದ ಲೆಕ್ಕ ಹಾಕಿದರೆ ಸೊನ್ನೆಯಿಂದ ಆಚೆಗೆ ದಾಟುವ ಸಾಧ್ಯತೆ ಸೊನ್ನೆಯಲ್ಲ. ದಾಟಿದ ವಿಶ್ವ ಪುಟ್ಟದಾಗಿ ಹುಟ್ಟಿ ತಕ್ಷಣ ಹಿಗ್ಗಲು ತೊಡಗುತ್ತದೆ.

ಇದನ್ನು ‘ಏನೂ ಇಲ್ಲದ್ದರಿಂದ ವಿಶ್ವ ಹುಟ್ಟಿತು’ ಎಂದು ಬರೆಯುವುದು ರೂಢಿ. ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಇದರಲ್ಲಿ ಜಾಗ ಇಲ್ಲ, ಕಾಲ ಇಲ್ಲ, ವಸ್ತು ಇಲ್ಲ. ಆದರೆ ನಿಯಮ ಇದೆ! ಸುರಂಗ ಕೊರೆಯಲು ಬಿಡುವ ಕ್ವಾಂಟಮ್ ಸಮೀಕರಣ ಇದೆ. ಅದು ಎಲ್ಲಿಂದ ಬಂತು ಎಂಬುದಕ್ಕೆ ಈ ಲೆಕ್ಕದಲ್ಲಿ ಉತ್ತರವಿಲ್ಲ. ಹಾಗಾಗಿ ‘ಏನೂ ಇಲ್ಲ’ ಎಂಬುದನ್ನು ಅಕ್ಷರಶಃ ತೆಗೆದುಕೊಂಡರೆ ವಿಲೆಂಕಿನ್ ಹೇಳಿದ್ದಕ್ಕಿಂತ ದೊಡ್ಡ ಮಾತನ್ನು ಅವರ ಬಾಯಿಗೆ ತುರುಕಿದಂತಾಗುತ್ತದೆ.

ಮರುವರ್ಷ, 1983ರಲ್ಲಿ, ಜೇಮ್ಸ್ ಹಾರ್ಟಲ್ ಮತ್ತು ಸ್ಟೀಫನ್ ಹಾಕಿಂಗ್ ಬೇರೆ ದಾರಿ ಹಿಡಿದರು. ವಿಶ್ವಕ್ಕೆ ಅಂಚೇ ಇಲ್ಲ ಎಂಬುದು ಅವರ ಪ್ರಸ್ತಾಪ. ಅವರ ಲೆಕ್ಕದಲ್ಲಿ ಹಿಂದಕ್ಕೆ ಹೋದಂತೆ ಕಾಲ ತನ್ನ ಗುಣ ಬಿಟ್ಟುಕೊಟ್ಟು ಇನ್ನೊಂದು ದಿಕ್ಕಿನಂತೆ, ಉದ್ದ ಅಗಲಗಳಂತೆ, ವರ್ತಿಸಲು ತೊಡಗುತ್ತದೆ. ಚೂಪಾದ ಗೋಡೆಯ ಜಾಗದಲ್ಲಿ ನುಣುಪಾದ ದುಂಡು ತಳ ಬರುತ್ತದೆ. ದಕ್ಷಿಣ ಧ್ರುವದಲ್ಲಿ ನಿಂತು ಇನ್ನೂ ದಕ್ಷಿಣಕ್ಕೆ ಏನಿದೆ ಎಂದು ಕೇಳಲಾಗದು. ಹಾಗೇ ‘ಅದಕ್ಕೂ ಮೊದಲು ಏನಿತ್ತು’ ಎಂದೂ ಕೇಳಲಾಗದು ಎಂದು ಹಾಕಿಂಗ್ ಹೇಳುತ್ತಿದ್ದರು.

ಎರಡೂ ಪ್ರಸ್ತಾಪಗಳು ಒಂದೇ ಸಮೀಕರಣದ ಎರಡು ಉತ್ತರಗಳು. ವೀಲರ್ ಮತ್ತು ಡಿವಿಟ್ ಹೆಸರಿನ ಆ ಸಮೀಕರಣ 1967ರಲ್ಲಿ ಪ್ರಕಟವಾಯಿತು. ಇಡೀ ವಿಶ್ವಕ್ಕೆ ಒಂದೇ ಕ್ವಾಂಟಮ್ ಅಲೆ ಇದೆ ಎಂದುಕೊಂಡು ಅದನ್ನು ಹುಡುಕುವ ಸಮೀಕರಣ ಅದು. ಅದರಲ್ಲಿ ಒಂದು ವಿಚಿತ್ರವಿದೆ. ಕಾಲ ಎಂಬ ಅಕ್ಷರವೇ ಅದರಲ್ಲಿ ಬರುವುದಿಲ್ಲ! ವಿಶ್ವದ ಹೊರಗೆ ಗಡಿಯಾರ ಇಡಲು ಜಾಗವಿಲ್ಲವಲ್ಲ, ಅದಕ್ಕೆ. ಒಳಗಿನ ಒಂದು ಸಂಗತಿ ಇನ್ನೊಂದರ ಜೊತೆ ಹೇಗೆ ಬದಲಾಗುತ್ತದೆ ಎಂಬುದನ್ನೇ ಕಾಲ ಎಂದು ಓದಿಕೊಳ್ಳಬೇಕು. ಲೆಮೈತ್ರ್ ಬರೆದದ್ದು ಇಲ್ಲಿ ಮತ್ತೆ ನೆನಪಾಗುತ್ತದೆ.

ವಿಚಿತ್ರ ಅಲ್ಲಿಗೇ ಮುಗಿಯುವುದಿಲ್ಲ. ಹಾರ್ಟಲ್-ಹಾಕಿಂಗ್ ಉತ್ತರಕ್ಕೂ ವಿಲೆಂಕಿನ್ ಉತ್ತರಕ್ಕೂ ಇರುವ ಮುಖ್ಯ ವ್ಯತ್ಯಾಸ ಒಂದು ಚಿಹ್ನೆ. ಒಂದರಲ್ಲಿ ಅದು ಧನ, ಇನ್ನೊಂದರಲ್ಲಿ ಋಣ. ಅಷ್ಟಕ್ಕೇ ಫಲಿತಾಂಶ ತಿರುವುಮುರುವಾಗುತ್ತದೆ. ವಿಲೆಂಕಿನ್ ಲೆಕ್ಕದಲ್ಲಿ ಜೋರಾಗಿ ಹಿಗ್ಗುವ ವಿಶ್ವ ಹುಟ್ಟುವ ಸಾಧ್ಯತೆ ಜಾಸ್ತಿ. ಹಾರ್ಟಲ್-ಹಾಕಿಂಗ್ ಲೆಕ್ಕದಲ್ಲಿ ಹೆಚ್ಚು ಹಿಗ್ಗದ, ಬಹುಪಾಲು ಖಾಲಿಯಾದ ವಿಶ್ವದ ಸಾಧ್ಯತೆ ಜಾಸ್ತಿ. 2017ರಲ್ಲಿ ಫೆಲ್ಡ್‌ಬ್ರುಗ್ಗೆ, ಲೇನರ್ಸ್ ಮತ್ತು ಟ್ಯುರಾಕ್ ಇನ್ನೊಂದು ಆಕ್ಷೇಪ ತೆಗೆದರು. ಲೆಕ್ಕವನ್ನು ಬಿಗಿಯಾಗಿ ಮಾಡಿದರೆ ಇಂಥ ವಿಶ್ವದಲ್ಲಿ ಏರಿಳಿತಗಳು ಹಿಡಿತ ತಪ್ಪಿ ಬೆಳೆಯುತ್ತವೆ ಎಂದರು. ಹಾರ್ಟಲ್ ಮತ್ತು ಜೊತೆಯವರು ಒಪ್ಪಲಿಲ್ಲ. ಜಗಳ ಇನ್ನೂ ಮುಗಿದಿಲ್ಲ. ನಲವತ್ತು ವರ್ಷ ಕಳೆದರೂ ಯಾವುದು ಸರಿ ಎಂದು ಆಕಾಶ ನೋಡಿ ತೀರ್ಮಾನಿಸುವ ದಾರಿ ಸಿಕ್ಕಿಲ್ಲ. ಅದಕ್ಕೇ ಇವನ್ನು ಊಹೆಗಳು ಎಂದೆ.

ಇವೆರಡೇ ಅಲ್ಲ, ಆರಂಭವೇ ಇಲ್ಲ ಎನ್ನುವವರೂ ಇದ್ದಾರೆ. ಅಭಯ್ ಅಷ್ಟೇಕರ್, ಪಾವ್ಲೋವ್‌ಸ್ಕಿ ಮತ್ತು ಪರಮ್ ಸಿಂಗ್ 2006ರಲ್ಲಿ ಮಾಡಿದ ಲೆಕ್ಕದಲ್ಲಿ ಜಾಗವೇ ಬಿಡಿಬಿಡಿ ತುಣುಕುಗಳಿಂದ ಆದದ್ದು. ಸಾಂದ್ರತೆ ಒಂದು ಮಿತಿ ಮುಟ್ಟಿದೊಡನೆ ಗುರುತ್ವ ಸೆಳೆಯುವ ಬದಲು ತಳ್ಳುತ್ತದೆ. ಕುಗ್ಗುತ್ತಿದ್ದ ಹಳೆಯ ವಿಶ್ವ ಅಲ್ಲಿಂದ ಪುಟಿದು ಹಿಗ್ಗತೊಡಗುತ್ತದೆ. ಎಲೆಕ್ಟ್ರಾನನ್ನು ಕುಸಿಯಲು ಬಿಡದ ಕ್ವಾಂಟಮ್ ನಿಯಮ ವಿಶ್ವವನ್ನೂ ಕುಸಿಯಲು ಬಿಡುವುದಿಲ್ಲ ಎಂಬ ಆಸೆ ಇಲ್ಲಿ ಎದ್ದು ಕಾಣುತ್ತದೆ. ನನಗೆ ಈ ಚಿತ್ರದ ಮೇಲೆ ಹೆಚ್ಚು ಒಲವು. ಆದರೆ ಒಲವು ಸಾಕ್ಷಿಯಲ್ಲ.

ಈಗ ಎರಡನೇ ದಾರಿಗೆ ಬರೋಣ. ಇಲ್ಲಿ ನೆಲ ಗಟ್ಟಿಯಾಗಿದೆ.

ವಿಶ್ವಕ್ಕೆ ಸುಮಾರು 3,80,000 ವರ್ಷವಾದಾಗ ಅದು ತಣಿದು ಪಾರದರ್ಶಕವಾಯಿತು. ಆಗ ಬಿಡುಗಡೆಯಾದ ಬೆಳಕು ಈಗಲೂ ಎಲ್ಲ ದಿಕ್ಕಿನಿಂದ ಬರುತ್ತಿದೆ. 1965ರಲ್ಲಿ ಪೆಂಜಿಯಾಸ್ ಮತ್ತು ವಿಲ್ಸನ್ ಅದನ್ನು ಕಂಡ ಸುದ್ದಿ ಪ್ರಕಟಿಸಿದರು. ಈಗ ಅದರ ಬಿಸಿ 2.725 ಕೆಲ್ವಿನ್ ಮಾತ್ರ. ಯಾವ ಕಡೆ ನೋಡಿದರೂ ಹೆಚ್ಚುಕಡಿಮೆ ಒಂದೇ. ಆದರೆ ತೀರಾ ಒಂದೇ ಆಗಿದ್ದರೆ ನಾವು ಇರುತ್ತಿರಲಿಲ್ಲ. ಎಲ್ಲೂ ಸ್ವಲ್ಪವೂ ಹೆಚ್ಚು ದಟ್ಟಣೆ ಇಲ್ಲದಿದ್ದರೆ ಗುರುತ್ವ ಯಾವುದನ್ನು ಎಲ್ಲಿಗೆ ಎಳೆದು ಗ್ಯಾಲಕ್ಸಿ ಕಟ್ಟಬೇಕು? 1992ರಲ್ಲಿ ಕೋಬೆ ಉಪಗ್ರಹ ಆ ವ್ಯತ್ಯಾಸವನ್ನು ಹಿಡಿಯಿತು. ಒಂದು ಲಕ್ಷದಲ್ಲಿ ಒಂದು ಪಾಲಿನಷ್ಟು.

ಆ ಒಂದು ಪಾಲು ಬಂದದ್ದೆಲ್ಲಿಂದ? ಇದಕ್ಕೆ ಉತ್ತರ ಕೋಬೆಗಿಂತ ಹತ್ತು ವರ್ಷ ಮೊದಲೇ ಸಿದ್ಧವಾಗಿತ್ತು. ಸ್ಟಾರೊಬಿನ್‌ಸ್ಕಿ, ಗುತ್, ಲಿಂಡೆ ಮುಂತಾದವರು 1980ರ ಆಸುಪಾಸಿನಲ್ಲಿ ಇನ್‌ಫ್ಲೇಷನ್ ಎಂಬ ಕಲ್ಪನೆ ಬೆಳೆಸಿದರು. ಮೊದಲ ಕ್ಷಣದ ಅತಿ ಸಣ್ಣ ಪಾಲಿನಲ್ಲಿ ವಿಶ್ವ ಮತ್ತೆ ಮತ್ತೆ ದುಪ್ಪಟ್ಟಾಯಿತು ಎಂಬುದೇ ಆ ಕಲ್ಪನೆ. ದುಪ್ಪಟ್ಟಾಗುವುದರ ಬಲ ನೋಡಿ. ಒಂದು ಪ್ರೋಟಾನಿನಷ್ಟು ಅಗಲದ ಜಾಗ 86 ಸಲ ದುಪ್ಪಟ್ಟಾದರೆ ಹೆಚ್ಚುಕಡಿಮೆ ಭೂಮಿಗೂ ಸೂರ್ಯನಿಗೂ ಇರುವಷ್ಟು ದೂರವಾಗುತ್ತದೆ. ಇನ್‌ಫ್ಲೇಷನ್‌ನಲ್ಲಿ ಆದದ್ದು ಸುಮಾರು ಅಷ್ಟು, ಇಲ್ಲವೇ ಅದಕ್ಕಿಂತ ಹೆಚ್ಚು.

ನಿರ್ವಾತದ ಏರಿಳಿತಗಳು ಸಾಮಾನ್ಯವಾಗಿ ಎದ್ದಷ್ಟೇ ಬೇಗ ಅಡಗುತ್ತವೆ. ಆದರೆ ಜಾಗವೇ ಇಷ್ಟು ವೇಗವಾಗಿ ಹಿಗ್ಗುತ್ತಿದ್ದರೆ? ಎದ್ದ ಅಲೆಯ ಒಂದು ತುದಿ ಮತ್ತು ಇನ್ನೊಂದು ತುದಿ, ಬೆಳಕು ಕೂಡ ದಾಟಲಾಗದಷ್ಟು ದೂರ ಹೋಗಿಬಿಡುತ್ತವೆ. ಅಡಗಬೇಕೆಂದರೆ ಒಂದು ತುದಿಯ ಸುದ್ದಿ ಇನ್ನೊಂದಕ್ಕೆ ಮುಟ್ಟಬೇಕು. ಅದು ಮುಟ್ಟುವುದಿಲ್ಲ. ಹಾಗಾಗಿ ಅಲೆ ಎದ್ದಲ್ಲೇ ಹೆಪ್ಪುಗಟ್ಟುತ್ತದೆ. ಇನ್‌ಫ್ಲೇಷನ್ ನಿಂತ ಮೇಲೆ ಈ ಹೆಪ್ಪುಗಟ್ಟಿದ ಅಲೆಗಳೇ ಒಂದು ಕಡೆ ದಟ್ಟಣೆ ಸ್ವಲ್ಪ ಜಾಸ್ತಿ, ಇನ್ನೊಂದು ಕಡೆ ಸ್ವಲ್ಪ ಕಡಿಮೆ ಎಂದಾಗಿ ಉಳಿದವು. ಮುಂದಿನ ಕೆಲಸ ಗುರುತ್ವದ್ದು.

1981ರಲ್ಲಿ ಸೋವಿಯತ್ ಒಕ್ಕೂಟದ ಮುಖಾನೋವ್ ಮತ್ತು ಚಿಬಿಸೋವ್ ಈ ಲೆಕ್ಕ ಮಾಡಿದರು. ಅದರಿಂದ ಒಂದು ನಿಖರವಾದ ಭವಿಷ್ಯ ಹೊರಬಿತ್ತು. ದೊಡ್ಡ ಅಗಲದ ಅಲೆಗಳೂ ಸಣ್ಣವೂ ಹೆಚ್ಚುಕಡಿಮೆ ಒಂದೇ ಬಲದವು, ಆದರೆ ದೊಡ್ಡವು ಒಂದು ಕೂದಲೆಳೆಯಷ್ಟು ಹೆಚ್ಚು ಬಲದವು. ಹಿಗ್ಗುವ ಬಿರುಸು ಇನ್‌ಫ್ಲೇಷನ್ ನಡೆಯುವಾಗಲೇ ನಿಧಾನಕ್ಕೆ ತಗ್ಗುತ್ತಿತ್ತಲ್ಲ, ಮೊದಲು ಹೆಪ್ಪುಗಟ್ಟಿದ ಅಲೆಗಳೇ ಈಗ ಹೆಚ್ಚು ದೊಡ್ಡವು, ಅದಕ್ಕೆ. ಎಲ್ಲ ಅಲೆಗಳೂ ಸಮಬಲವಾಗಿದ್ದರೆ ಅಳತೆಯ ಸಂಖ್ಯೆ 1 ಬರಬೇಕು. ಸಿದ್ಧಾಂತ ಹೇಳಿದ್ದು 1ಕ್ಕಿಂತ ತುಸು ಕಡಿಮೆ. 2009ರಲ್ಲಿ ಹಾರಿಬಿಟ್ಟ ಪ್ಲಾಂಕ್ ಉಪಗ್ರಹ ಅಳೆದದ್ದು 0.965. ಅಳತೆಯಲ್ಲಿ ಆಗಬಹುದಾದ ತಪ್ಪು ಸುಮಾರು 0.004. ಅದಕ್ಕೂ ಮೂವತ್ತಕ್ಕಿಂತ ಹೆಚ್ಚು ವರ್ಷ ಮೊದಲು ಕಾಗದದ ಮೇಲೆ ಬರೆದ ಸಣ್ಣ ಓರೆ, ಆಕಾಶದಲ್ಲಿ ಹಾಗೇ ಇತ್ತು! ಇದನ್ನು ಮೊದಲ ಸಲ ಓದಿದಾಗ ನನಗೆ ಮೈ ಜುಮ್ಮೆಂದಿತ್ತು. ಪರಮಾಣು ಕುಸಿಯದಂತೆ ತಡೆಯುವ ಚಡಪಡಿಕೆಯೇ ಇಡೀ ಗ್ಯಾಲಕ್ಸಿಗಳ ಬೀಜ ಎಂದರೆ ಸಣ್ಣ ಮಾತಲ್ಲ.

ಒಂದು ಎಚ್ಚರಿಕೆ ಬೇಕು. ಇನ್‌ಫ್ಲೇಷನ್ ಆರಂಭವನ್ನು ವಿವರಿಸುವುದಿಲ್ಲ, ಆರಂಭದ ನಂತರ ಆದದ್ದನ್ನು ವಿವರಿಸುತ್ತದೆ. ಹಿಗ್ಗುತ್ತಲೇ ಬಂದ ವಿಶ್ವವನ್ನು ಹಿಂದಕ್ಕೆ ಕೊನೆಯಿಲ್ಲದೆ ಎಳೆಯಲಾಗದು ಎಂದು 2003ರಲ್ಲಿ ಬೋರ್ಡ್, ಗುತ್ ಮತ್ತು ವಿಲೆಂಕಿನ್ ತೋರಿಸಿದರು. ಅಂದರೆ ಸುರಂಗವೋ, ದುಂಡು ತಳವೋ, ಪುಟಿತವೋ, ಅದರ ಹಿಂದೆ ಇನ್ನೇನೋ ಒಂದು ಬೇಕೇ ಬೇಕು.

ಎರಡೂ ದಾರಿಗಳ ನಡುವೆ ಸೇತುವೆಯಾಗಬಲ್ಲ ಒಂದು ಸುಳಿವು ಇದೆ. ಇನ್‌ಫ್ಲೇಷನ್ ವಸ್ತುವಿನ ಏರಿಳಿತಗಳನ್ನಷ್ಟೇ ಹೆಪ್ಪುಗಟ್ಟಿಸುವುದಿಲ್ಲ, ಜಾಗದ ಸ್ವಂತ ನಡುಕವನ್ನೂ ಹೆಪ್ಪುಗಟ್ಟಿಸಬೇಕು. ಅವು ಗುರುತ್ವದ ಅಲೆಗಳಾಗಿ ಉಳಿದು, ಹಳೆಯ ಬೆಳಕಿನ ಕಂಪನದ ದಿಕ್ಕಿನಲ್ಲಿ ಒಂದು ಬಗೆಯ ಸುಳಿ ಮೂಡಿಸಬೇಕು. ಅದು ಸಿಕ್ಕರೆ ಗುರುತ್ವವೂ ಕ್ವಾಂಟಮ್ ನಿಯಮಕ್ಕೆ ಬದ್ಧ ಎಂಬುದಕ್ಕೆ ದೊಡ್ಡ ಸಾಕ್ಷಿ ಸಿಕ್ಕಂತೆ. 2014ರ ಮಾರ್ಚ್‌ನಲ್ಲಿ, ದಕ್ಷಿಣ ಧ್ರುವದಲ್ಲಿ ದೂರದರ್ಶಕ ಇಟ್ಟಿದ್ದ ಬೈಸೆಪ್2 ತಂಡ ಅದು ಸಿಕ್ಕಿತು ಎಂದು ಘೋಷಿಸಿತು. ಮರುವರ್ಷ ಪ್ಲಾಂಕ್ ತಂಡದ ಜೊತೆ ಕೂತು ಲೆಕ್ಕ ನೋಡಿದಾಗ ತಿಳಿಯಿತು, ಕಂಡ ಸುಳಿಯ ಬಹುಭಾಗ ನಮ್ಮದೇ ಗ್ಯಾಲಕ್ಸಿಯ ಧೂಳಿನದು. 2021ರ ಹೊತ್ತಿಗೆ ಅಳತೆ ಇನ್ನೂ ಸೂಕ್ಷ್ಮವಾಯಿತು. ಗುರುತ್ವ ಅಲೆಗಳ ಪಾಲು, ದಟ್ಟಣೆಯ ಅಲೆಗಳಿಗೆ ಹೋಲಿಸಿದರೆ, 0.036ಕ್ಕಿಂತ ಕಡಿಮೆ ಇರಬೇಕು ಎಂದು ಗೊತ್ತಾಯಿತು. ಸರಳವಾದ ಎಷ್ಟೋ ಇನ್‌ಫ್ಲೇಷನ್ ಮಾದರಿಗಳು ಇದರಿಂದಲೇ ಬಿದ್ದುಹೋದವು. ಉಳಿದವು ಹೇಳುವ ಸುಳಿ ಇನ್ನೂ ಸಣ್ಣದು. ದಕ್ಷಿಣ ಧ್ರುವದ ಒಣ ಗಾಳಿಯ ಕೆಳಗೆ ಅದರ ಹುಡುಕಾಟ ನಡೆದೇ ಇದೆ.